ಹಿಂದಿನವರ ಮನೆ

ನಮ್ಮ ಮನೆಯ ಮುಂದೆ ನಿಂತು ಯಾರಾದರೂ ಕತ್ತೆತ್ತಿ ನೋಡಿದರೆ ಅವತ್ತು ಆಯಿಯ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ. ಆಯಿ ಎಂದರೆ ನಮ್ಮ ಕಡೆ ಅಪ್ಪನ ತಾಯಿ. ನೋಡಿದವನು ಮೋಡವನ್ನು ನೋಡಿರಬಹುದು, ಹೆಂಚಿನ ಮೇಲಿನ ಮಂಗವನ್ನು ನೋಡಿರಬಹುದು. ಆಯಿಗೆ ಮಾತ್ರ ಅವನು ಮನೆಯನ್ನೇ ನೋಡಿದ, ಅದೂ ಅಳತೆ ಹಾಕುವವನ ಹಾಗೆ ನೋಡಿದ ಎಂಬುದು ಖಾತ್ರಿ. ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದಳು.

“ಯಾರಪಾ ಅಂವ? ಯಾವೂರು? ಯಾರ ಪೈಕಿ?”

ಮೂರಕ್ಕೂ ಉತ್ತರ ಸಿಗುವ ತನಕ ಅವನಿಗೆ ಬಿಡುಗಡೆ ಇಲ್ಲ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಗೆ ಹತ್ತಿದ ಊರು ನಮ್ಮದು, ಹೋಗಿಬರುವವರು ಬಹಳ. ಹೀಗಾಗಿ ಆಯಿಗೆ ಕೈತುಂಬ ಕೆಲಸ. ಬೇರೆ ಮನೆಗಳಲ್ಲಿ ಹಿರಿಯರಿಂದ ಮಕ್ಕಳಿಗೆ ಹೊಲ ಬಂತು, ಬಂಗಾರ ಬಂತು. ನನ್ನ ಪಾಲಿಗೆ ಬಂದದ್ದು ಈ ಅನುಮಾನ. ಇವತ್ತಿಗೂ ಯಾರ ಮನೆಗೆ ಹೋದರೂ ಗೋಡೆಯಲ್ಲಿರುವ ಖಾಲಿ ಮೊಳೆಯ ಕಡೆಗೇ ನನ್ನ ಕಣ್ಣು ಹೋಗುತ್ತದೆ. ಇಲ್ಲಿ ಮೊದಲು ಏನಿತ್ತು, ಯಾರು ತೆಗೆದರು, ಯಾಕೆ ತೆಗೆದರು? ಕಾಫಿ ಕೊಟ್ಟವರ ಮಾತು ಆಮೇಲೆ ಕೇಳಿಸುತ್ತದೆ.

ಮನೆ ದೊಡ್ಡದೇ. ತಲಬಾಗಿಲು ದಾಟಿದರೆ ದನ ಕಟ್ಟುವ ಅಂಕಣ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಕತ್ತಲು ತುಂಬಿದ ನಡುಮನೆ, ದೇವರ ಕೋಣೆ, ಅಡುಗೆಮನೆ, ಹಿತ್ತಲು. ಸಾಗವಾನಿ ಕಂಬಗಳನ್ನು ನನ್ನ ಎರಡು ತೋಳು ಸೇರಿಸಿದರೂ ತಬ್ಬಲು ಆಗುತ್ತಿರಲಿಲ್ಲ. ಬೀದಿಯ ಕಡೆಗೆ ಬೇರೆ ಬಾಗಿಲಿದ್ದ ಒಂದು ಹೊರಗೋಣೆ ಇತ್ತು, ಅದರಲ್ಲಿ ಭತ್ತದ ಚೀಲಗಳು. ಇನ್ನು ದನದ ಅಂಕಣದ ಗೋಡೆಯಲ್ಲಿ ಒಂದು ಮಾಡ, ಎಂದರೆ ದೀಪ ಇಡುವಂಥ ಗೂಡು. ಪ್ರತಿ ಅಮಾವಾಸ್ಯೆಗೆ ಅಡುಗೆಯಾದ ಕೂಡಲೇ ಆಯಿ ಮೊದಲ ಎಡೆಯನ್ನು ಆ ಮಾಡದಲ್ಲಿ ಇಡುತ್ತಿದ್ದಳು. ನಮ್ಮ ಮನೆದೇವರು ಬಸವಣ್ಣನಿಗೂ ಎರಡನೆಯ ಸರದಿ. ಯಾರದು ಎಂದು ಕೇಳಿದರೆ “ಹಿಂದಿನವರದು, ಕೈ ಮುಗಿ” ಅನ್ನುತ್ತಿದ್ದಳು. ಹಿಂದಿನವರು ಎಂಬುದು ಒಬ್ಬ ದೇವರ ಹೆಸರು ಎಂದುಕೊಂಡು ಪರೀಕ್ಷೆಗೆ ಮುಂಚೆ ಅವನಿಗೂ ಒಂದು ಹರಕೆ ಹೊರುತ್ತಿದ್ದೆ.

ಸಂಗತಿ ಹೀಗಿತ್ತು. ಪ್ಲೇಗು ಬಂದು ಊರಿನವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲ. ಬೇನೆ ಇಳಿದ ಮೇಲೆ ಎಲ್ಲರೂ ತಿರುಗಿ ಬಂದರು, ಈ ಮನೆಯವರು ಬರಲಿಲ್ಲ. ಮುತ್ಯಾ, ಎಂದರೆ ನಮ್ಮ ಅಜ್ಜ, ಆಗಷ್ಟೇ ಮದುವೆಯಾಗಿ ಧಾರವಾಡದ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದಿದ್ದ. ಕದ ಹಾಕಿದ ಮನೆ ಊರಿಗೆ ಕೇಡು ಎಂದು ಊರ ಗೌಡ ಅವನನ್ನು ಕರೆದು ಕೀಲಿ ಕೊಟ್ಟ. ಆ ಮಾತನ್ನು ಆಯಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು.

“ಅವರು ಬರೂತನಕಾ ನೀ ದೀಪಾ ಹಚ್ಚಿಕೊಂಡಿರು.”

ಮುತ್ಯಾ ದೀಪ ಹಚ್ಚಿದ. ಕೂಲಿಯಿಂದ ಕೋರಿಗೆ, ಎಂದರೆ ಪಾಲಿನ ಸಾಗುವಳಿಗೆ, ಕೋರಿನಿಂದ ಸ್ವಂತ ಹೊಲಕ್ಕೆ ಬಂದ. ಮನೆಪಟ್ಟಿಯೂ ಅವನ ಹೆಸರಿಗೇ ಆಯಿತು. ಗೌಡ ಹೋದ, ಮುತ್ಯಾನೂ ಹೋದ, ಮನೆ ನಮ್ಮದೇ ಎಂದು ಊರು ಒಪ್ಪಿತು. ಒಪ್ಪದವಳು ಆಯಿ ಒಬ್ಬಳೇ. ಆ ‘ಬರೂತನಕಾ’ ಎಂಬುದು ಅವಳ ತಲೆಯಿಂದ ಇಳಿಯಲಿಲ್ಲ. ಒಂದು ದಿನ ಯಾರೋ ಬಂದು ಏಳಿ ಎನ್ನುತ್ತಾರೆ, ಏಳಬೇಕಾಗುತ್ತದೆ, ಮಕ್ಕಳು ಮರಿ ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಇದನ್ನು ಅವಳು ನಮಗಾರಿಗೂ ಹೇಳಿರಲಿಲ್ಲ. ಅದು ಹೊರಬಿದ್ದದ್ದು ಒಬ್ಬ ಪರದೇಶಿಯ ದೆಸೆಯಿಂದ.

ಅಪ್ಪ ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಸಾಮಾನು ಕೋಣೆಯ ಗುಮಾಸ್ತ. ಅಲ್ಲಿಗೆ ಜೆಕೊಸ್ಲೊವಾಕಿಯ ದೇಶದಿಂದ ಒಂದು ಯಂತ್ರ ಬಂದಿತ್ತು, ಅದನ್ನು ಜೋಡಿಸಲು ಆ ದೇಶದ ಫಿಟ್ಟರ್ ಒಬ್ಬ ಬಂದಿದ್ದ. ಹೆಸರು ಯಾನ್. ಇನ್ನೂ ಮೂವತ್ತು ದಾಟಿರಲಿಲ್ಲ. ಅವನಿಗೆಂದು ಕಟ್ಟುತ್ತಿದ್ದ ಮನೆಗೆ ಛಾವಣಿ ಏರಿರಲಿಲ್ಲ. ಅಷ್ಟು ದಿನ ಎಲ್ಲಿಡುವುದು ಎಂಬ ಮಾತು ಬಂದಾಗ ಅಪ್ಪ ಆಯಿಯನ್ನು ಕೇಳದೆ ನಮ್ಮ ಹೊರಗೋಣೆ ಇದೆ ಎಂದುಬಿಟ್ಟ. ಭತ್ತದ ಚೀಲಗಳು ಪಡಸಾಲೆಗೆ ಬಂದವು, ಹೊರಗೋಣೆಗೆ ಒಂದು ಮಂಚ ಹೋಯಿತು, ಆಯಿ ಅಪ್ಪನೊಡನೆ ಮಾತು ಬಿಟ್ಟಳು.

ಮೊದಲು ಅವನು ಪೋರ್ತುಗೀಜ ಫಿರಂಗಿ ಎಂದಾಯಿತು. ಗೋವಾ ಆಗಿನ್ನೂ ಪೋರ್ತುಗೀಜರ ಕೈಯಲ್ಲಿತ್ತು. ಜೋಯಿಡಾದ ಕಾಡು ದಾಟಿದರೆ ಅವರ ಗಡಿ. ಬಿಳಿ ಮೋರೆ ಕಂಡರೆ ಬೇಹುಗಾರ ಎನ್ನುವುದು ಆಯಿಗೆ ಮಾತ್ರ ಇದ್ದ ರೋಗವಲ್ಲ, ಇಡೀ ಊರಿಗೇ ಇತ್ತು. ಆಮೇಲೆ ಅವನು ಪಾದ್ರಿ, ಮಕ್ಕಳನ್ನು ತನ್ನ ಜಾತಿಗೆ ಸೇರಿಸಿಕೊಳ್ಳಲು ಬಂದಿದ್ದಾನೆ ಎಂದಾಯಿತು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಯಾನ್ ಬಡಿಗನ ಮಗ. ಒಳಗೆ ಬಂದ ಮೊದಲ ದಿನವೇ ಕಂಬದ ಮೇಲೆ ಬೆರಳ ಗಂಟಿನಿಂದ ತಟ್ಟಿ ಕಿವಿಯಿಟ್ಟು ಕೇಳಿದ, ಕತ್ತೆತ್ತಿ ತೊಲೆಗಳನ್ನು ಒಂದೊಂದಾಗಿ ನೋಡಿದ. ಆಯಿಯ ಮುಖ ಬೂದಿಯಾಯಿತು. ಅಪ್ಪನೊಡನೆ ಬಿಟ್ಟ ಮಾತು ಅಲ್ಲಿಯೇ ತಿರುಗಿ ಬಂತು.

“ಇವನ್ನ ಯಾರೋ ಕಳಿಸ್ಯಾರ. ನೀ ಕರಕೊಂಡು ಬಂದಿಲ್ಲ, ಅವರು ಕಳಿಸ್ಯಾರ.”

“ಯಾರು ಯವ್ವಾ ಕಳಸಾಂವರು? ಅಂವ ಏಳು ಸಮುದ್ರ ದಾಟಿ ಬಂದಾನ.”

“ಹತ್ತಿರದವರು ಕಳಿಸಿದ್ರ ನಮಗ ಗುರ್ತ ಹತ್ತತೈತಿ ಅಂತ ಅಷ್ಟು ದೂರದಾಂವನ್ನ ಕಳಿಸ್ಯಾರ.”

ಅವ್ವ ಮಾತ್ರ ಇದಾವುದರ ಗೊಡವೆಗೂ ಹೋಗದೆ ಹೊತ್ತಿಗೆ ಸರಿಯಾಗಿ ರೊಟ್ಟಿ, ಝುಣಕ, ಮೊಸರು ಕಳಿಸುತ್ತಿದ್ದಳು. ಒಂದು ದಿನ ತಾಟಿನ ಅಂಚಿನಲ್ಲಿದ್ದ ಹಸಿ ಮೆಣಸಿನಕಾಯಿಯನ್ನು ಅವನು ಕಾಯಿಪಲ್ಯ ಎಂದುಕೊಂಡು ಒಂದೇ ತುತ್ತಿಗೆ ಬಾಯಿಗೆ ಹಾಕಿದ. ಆಮೇಲೆ ಹಿತ್ತಲ ಬಾವಿಯ ತನಕ ಓಡಿದ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಯಿ ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಬೇಹುಗಾರ ಆಗಿದ್ದರೆ ಮೆಣಸಿನಕಾಯಿ ಎಂದರೆ ಏನು ಎಂಬುದನ್ನಾದರೂ ಕಲಿಸಿ ಕಳಿಸುತ್ತಿದ್ದರು ಎಂದಳು. ಅವತ್ತಿನಿಂದ ಅವನು ಅವಳ ಬಾಯಲ್ಲಿ ಯಾನಪ್ಪ ಆದ. ಆದರೆ ಕಂಬ ತಟ್ಟಿದ್ದನ್ನು ಮರೆಯಲಿಲ್ಲ, ಕೈಯಲ್ಲಿ ಅಕ್ಕಿ ಮೊರ ಇದ್ದರೂ ಕಣ್ಣು ಹೊರಗೋಣೆಯ ಬಾಗಿಲ ಮೇಲೇ ಇರುತ್ತಿತ್ತು.

ಒಂದು ರಜೆಯ ದಿನ ಮಧ್ಯಾಹ್ನ ಆಯಿ ತಾನೇ ಅವನನ್ನು ಕಟ್ಟೆಗೆ ಕರೆದಳು. ವಿಚಾರಣೆ ಎಂದರೆ ಸರಿ. ಅಪ್ಪ ನಡುವೆ ಕೂತ, ಮ್ಯಾಟ್ರಿಕ್ ತನಕ ಕಲಿತ ಅವನ ಇಂಗ್ಲಿಷಿಗೂ ಯಾನಪ್ಪನ ಮುರುಕು ಇಂಗ್ಲಿಷಿಗೂ ಹೇಗೋ ಹೊಂದಿಕೆಯಾಗುತ್ತಿತ್ತು. ಯಾವೂರು ಎಂಬ ಮೊದಲ ಪ್ರಶ್ನೆಗೇ ಯಾನಪ್ಪ ಎದ್ದು ಅಂಗಳಕ್ಕೆ ಇಳಿದ. ಸಾರಿಸಿದ ನೆಲದ ಮೇಲೆ ಬೂದಿಯಿಂದ ಒಂದು ಹಳ್ಳ ಎಳೆದ. ಎರಡೂ ದಂಡೆಗೆ ಹುಣಸೆಬೀಜದ ಮನೆಗಳು. ನಡುವೆ ಅವ್ವನಿಂದ ತಂದ ತಂಬಿಗೆಯ ಮುಚ್ಚಳ, ಅದು ಕೆರೆ. ಕೆರೆಯ ಪಕ್ಕ ಒಂದು ಉಳ್ಳಾಗಡ್ಡಿ, ಅದು ಇಗರ್ಜಿ, ಕ್ರೈಸ್ತರ ಗುಡಿ. ಅದರ ಗೋಪುರ ನಿಜಕ್ಕೂ ಆ ಆಕಾರದ್ದಂತೆ. ಮೂರು ಕಡೆಗೆ ಕಲ್ಲಿಟ್ಟು ಗುಡ್ಡ ಮಾಡಿದ. ಉತ್ತರದ ಗುಡ್ಡ ದಾಟಿದರೆ ಬೇರೆ ದೇಶ ಎಂದ. ಆಯಿಗೆ ಅದು ಸರಿಯಾಗಿ ತಿಳಿಯಿತು. ಗುಡ್ಡದ ಆಚೆ ಬೇರೆ ರಾಜ್ಯ ಇರುವುದು ನಮಗೂ ಹೊಸದಲ್ಲ. ಕೆರೆಯ ಕಥೆ ಮಾತ್ರ ಒಂದೂ ಇಳಿಯಲಿಲ್ಲ. ಚಳಿಗಾಲದಲ್ಲಿ ಕೆರೆ ಗಟ್ಟಿಯಾಗಿ ಜನ ಅದರ ಮೇಲೆ ನಡೆದು ಇಗರ್ಜಿಗೆ ಹೋಗುತ್ತಾರೆ ಎಂದರೆ, ನೀರಿನ ಮೇಲೆ ನಡೆಯಲು ಇವರೇನು ಸಿದ್ಧರೇ ಎಂದಳು. ಚಳಿ ಬರುವ ಮುಂಚೆ ಕೆರೆಯ ನೀರನ್ನೆಲ್ಲ ಬಿಟ್ಟು ಊರಿಗೆ ಊರೇ ಕೆಸರಲ್ಲಿ ನಿಂತು ಮೀನು ಹಿಡಿಯುತ್ತದೆ ಎಂದರೆ, ಮೀನಿನ ಸಲುವಾಗಿ ಕೆರೆ ಬರಿದು ಮಾಡಿದರೆ ದನಗಳು ಏನು ಕುಡಿಯಬೇಕು ಎಂದು ರೇಗಿದಳು. ಊರಿನ ಹೆಸರು ಕೇಳಿದರೆ ಅವನು ಎರಡು ಹೆಸರು ಹೇಳಿದ.

“ಎರಡು ಹೆಸರಿನ ಮನಶಾನ್ನ ನಂಬಬಾರದು. ಎರಡು ಹೆಸರಿನ ಊರನ್ನ ಹೆಂಗ ನಂಬೂದು? ಕೇಳವಂಗ, ಯಾವುದು ಖರೇ?”

ಯಾನಪ್ಪ ಬಹಳ ಹೊತ್ತು ಮಾತಾಡಿದ. ಅಪ್ಪ “ಒಂದು ಹಳೇದು, ಒಂದು ಹೊಸಾದಂತ” ಎಂದು ಮುಗಿಸಿದ.

“ಅಂವ ಅಷ್ಟುದ್ದ ಹೇಳಿದ, ನೀ ಇಷ್ಟ ಹೇಳ್ತಿ. ಉಳಿದದ್ದು ಎಲ್ಲಿ ಹೋತು?”

ಅಪ್ಪ ಕಿವಿ ತುರಿಸಿಕೊಂಡ. ಆಯಿ ಅವನನ್ನು ಬಿಟ್ಟು ನೇರ ಯಾನಪ್ಪನನ್ನೇ ನೋಡುತ್ತ, ನಮ್ಮವರು ಯಾರ ಊರಿಗೆ ಹೋದರೂ ಕೇಳುವ ಪ್ರಶ್ನೆಯನ್ನು ಕೇಳಿದಳು. ನಾವು ಲಿಂಗಾಯತರು ಸತ್ತವರನ್ನು ಹೂಳುವವರು. ಹಿರಿಯರ ಗದ್ದುಗೆ ಎಲ್ಲಿದೆಯೋ ಅದು ಊರು.

“ನಿಮ್ಮ ಹಿರ್ಯಾರ ಗದ್ದಗಿ ಎಲ್ಲೈತಿ, ಅದನ್ನ ತೋರಸು.”

ಉಳ್ಳಾಗಡ್ಡಿಯ ಸುತ್ತ ಗೋರಿಗಳಿವೆ ಎಂದು ಅವನು ಕೈ ಮಾಡಿದ. ಅದರಲ್ಲಿ ನಿಮ್ಮವರು ಯಾರು ಎಂದರೆ ಯಾರೂ ಇಲ್ಲ ಎಂದು ತಲೆಯಾಡಿಸಿದ. ಆಮೇಲೆ ಎದ್ದು, ತಾನು ಮಾಡಿದ ಗುಡ್ಡವನ್ನೂ ದಾಟಿ, ಅಂಗಳವನ್ನೂ ದಾಟಿ, ಬಣವೆಯ ಹತ್ತಿರ ಹೋಗಿ ನಿಂತು ಅಲ್ಲಿ ನೆಲ ತೋರಿಸಿದ. ಅವನ ಅಜ್ಜ ಅಜ್ಜಿ ಇದ್ದದ್ದು ಅಷ್ಟು ದೂರ. ಆಯಿಯ ಕೈಯಲ್ಲಿದ್ದ ಮೊರ ನಿಂತುಹೋಯಿತು. ನಮ್ಮ ಹೊಲದಲ್ಲೂ ಮುತ್ಯಾನದು ಒಂದೇ ಗದ್ದುಗೆ, ಅದಕ್ಕೆ ಹಿಂದಿನವರೆಲ್ಲ ಧಾರವಾಡದ ಕಡೆ.

“ಇಂವ ಮಂದಿ ಮನ್ಯಾಗ ಅದಾನ,” ಎಂದಳು, ಯಾರಿಗೋ ಅಲ್ಲ, ತನಗೇ.

ಅಪ್ಪ ಈ ಸಲ ಏನನ್ನೂ ಬಿಡದೆ ಹೇಳಿದ. ದೊಡ್ಡ ಯುದ್ಧ ಮುಗಿದ ಮೇಲೆ ಆ ಊರಿನ ಹಳೆಯ ಜನರಿಗೆ ಊರು ಬಿಡಿ ಎಂದು ಆಜ್ಞೆಯಾಯಿತು. ಅವರ ಭಾಷೆ ಜರ್ಮನ್, ಸೋತವರ ಭಾಷೆ. ಅವರಲ್ಲಿ ಕೇಡು ಮಾಡಿದವರೂ ಇದ್ದರು, ಹಸು ಕಾಯ್ದುಕೊಂಡು ಇದ್ದವರೂ ಇದ್ದರು. ಕೈಯಲ್ಲಿ ಹಿಡಿಯುವಷ್ಟು ಗಂಟು ಕಟ್ಟಿಕೊಂಡು ಎಲ್ಲರೂ ಉತ್ತರದ ಗುಡ್ಡ ದಾಟಿದರು. ಖಾಲಿ ಮನೆಗಳನ್ನು ಒಳನಾಡಿನಿಂದ ಬಂದ ಬಡವರಿಗೆ ಸರಕಾರ ಕೊಟ್ಟಿತು, ಹಾಗೆ ಸಿಕ್ಕ ಮನೆ ಯಾನಪ್ಪನದು. ಆಗ ಅವನೂ ನನ್ನ ಹಾಗೆ ಹತ್ತು ವರ್ಷದವನಂತೆ. ನೆಲಮಾಳಿಗೆಯಲ್ಲಿ ಸಕ್ಕರೆ ಪಾಕದಲ್ಲಿ ಹಣ್ಣು ಕುದಿಸಿ ಇಟ್ಟ ಬಾಟಲಿಗಳ ಸಾಲು. ವಿಷ ಹಾಕಿ ಹೋಗಿರುತ್ತಾರೆ ಎಂದು ಅವನ ತಾಯಿ ಮುಟ್ಟಗೊಡಲಿಲ್ಲ. ಮೊದಲ ಚಳಿಗಾಲ ಹಸಿದುಕೊಂಡೇ ಕಳೆಯಿತು. ಎರಡನೆಯ ಚಳಿಗಾಲದಲ್ಲಿ ತಡೆಯಲಾರದೆ ತಾಯಿಯೇ ಒಂದು ಬಾಟಲಿ ತೆರೆದಳು. ಬಹಳ ರುಚಿಯಾಗಿತ್ತು. ಅಷ್ಟು ರುಚಿಯಾಗಿದೆಯಲ್ಲ ಎಂದು ತಾಯಿಗೆ ಸಿಟ್ಟು ಬಂದಿತಂತೆ. ಕಥೆ ಇಲ್ಲಿಗೆ ಬಂದಾಗ ಅವ್ವ ಅಡುಗೆಮನೆಯಲ್ಲಿ ಅಳುತ್ತಿದ್ದದ್ದು ನನಗೆ ಕೇಳಿಸಿತು.

“ಅವರು ತಿರುಗಿ ಬಂದ್ರೇನು?” ಆಯಿ ಕೇಳಿದಳು. ಅವಳ ದನಿ ಸಣ್ಣದಾಗಿತ್ತು.

ಇನ್ನೂ ಬಂದಿಲ್ಲ ಎಂದ ಯಾನಪ್ಪ. ಆದರೆ ಊರಿಗೆ ಬಸ್ಸು ಬಂದಾಗಲೆಲ್ಲ ಅವನ ತಾಯಿ ಕಿಟಕಿಯ ಪರದೆ ಎಳೆದು ಅದರ ಸಂದಿಯಿಂದ ಇಳಿದವರನ್ನು ನೋಡುತ್ತಾಳೆ. ಯಾರಾದರೂ ಕತ್ತೆತ್ತಿದರೆ ಅವತ್ತು ಅವಳಿಗೆ ಊಟವಿಲ್ಲ.

ಆಯಿ ಮೊರ ಕೆಳಗಿಟ್ಟಳು. ನಮ್ಮ ಮನೆಯ ಕಥೆಯನ್ನೂ ಅವನಿಗೆ ಹೇಳು ಎಂದು ಅಪ್ಪನಿಗೆ ಅಪ್ಪಣೆಯಾಯಿತು. ಅಪ್ಪನಿಗೆ ಯಾವ ಕಥೆ ಎಂದೇ ಗೊತ್ತಿರಲಿಲ್ಲ. ಹೀಗೆ ಪ್ಲೇಗು, ಗೌಡ, ಕೀಲಿ, ‘ಬರೂತನಕಾ’ ಎಲ್ಲವನ್ನೂ ನಾವು ಒಬ್ಬ ಪರದೇಶಿಗೆ ಹೇಳುವ ನೆಪದಲ್ಲಿ ಮೊದಲ ಸಲ ಕೇಳಿದೆವು. ಅವತ್ತು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಕಾಲ ಕೆಳಗಿನ ನೆಲವೇ ಇನ್ನೊಬ್ಬರದು ಎಂದು ಗೊತ್ತಾದರೆ ನನ್ನಂಥ ಹುಡುಗಿ ಎಲ್ಲಿ ಕುಂಟಾಟ ಆಡಬೇಕು?

ಊರಿನ ಬಾಯಿ ಸುಮ್ಮನಿರುತ್ತದೆಯೇ? ಬಿಳಿ ಸಾಹೇಬ ಕಂಬ ತಟ್ಟಿ ನೋಡಿದ್ದು, ಅಂಗಳದಲ್ಲಿ ಇಡೀ ಒಂದು ಊರಿನ ನಕ್ಷೆ ಬರೆದದ್ದು, ಎಲ್ಲ ಸೇರಿ, ಕಾರ್ಖಾನೆಯವರಿಗೆ ನಾವು ಮನೆ ಮಾರುತ್ತಿದ್ದೇವೆ ಎಂದಾಯಿತು. ಊರೂರು ತಿರುಗುವ ಬಳೆಗಾರ ಆ ಸುದ್ದಿಯನ್ನು ಬಳೆಯ ಮಲಾರದ ಜೊತೆಗೇ ಹೊತ್ತುಕೊಂಡು ಹೋದ. ಅದು ಮುಂಡಗೋಡದ ಆಚೆ ಮಳಗಿಯ ತನಕ ಮುಟ್ಟಿತು. ಇನ್ನೊಂದು ರಜೆಯ ದಿನ, ಬಸ್ಸಿಳಿದ ಒಬ್ಬ ಮುದುಕಿ ನಮ್ಮ ಮನೆಯ ಮುಂದೆ ನಿಂತು ಕತ್ತೆತ್ತಿದಳು. ಆಯಿಯ ವಾರಿಗೆಯವಳು, ಹಣೆಯ ತುಂಬ ವಿಭೂತಿ, ಬಗಲಲ್ಲಿ ಒಂದು ಗಂಟು. ಆಯಿ ಯಾರು, ಯಾವೂರು ಎಂದು ಕೇಳುವ ಮೊದಲೇ ಅವಳು ಕೇಳಿದಳು.

“ಮನಿ ಮಾರಾಕತ್ತೀರಂತಲ್ಲಾ? ಇಂವೇನ ಕೊಂಡಾಂವ?”

ಕಟ್ಟೆಯ ಮೇಲೆ ಕೂತಿದ್ದ ಯಾನಪ್ಪ ತನ್ನ ಕಡೆ ಚಾಚಿದ ಬೆರಳನ್ನು ನೋಡಿ ಎದ್ದು ನಿಂತ. ಅಪ್ಪ ಗಡಬಡಿಸಿ, ಇವನು ಬಾಡಿಗೆಯವನು, ಮಾರುವ ಮಾತೇ ಇಲ್ಲ ಎಂದ. ಅವಳು ನಂಬಲಿಲ್ಲ. ತನ್ನ ಹೆಸರು ನೀಲವ್ವ, ಹುಟ್ಟಿದ್ದು ಈ ಮನೆಯಲ್ಲಿ, ಪ್ಲೇಗಿನ ಗುಡಿಸಲಲ್ಲಿ ತನ್ನ ಅಪ್ಪ ಅವ್ವ ಅಣ್ಣಂದಿರು ಒಬ್ಬರ ಹಿಂದೆ ಒಬ್ಬರು ಹೋದ ಮೇಲೆ ಸೋದರಮಾವ ಬಂದು ಮಳಗಿಗೆ ಎತ್ತಿಕೊಂಡು ಹೋದ ಎಂದಳು. ಈಗ ನಂಬದಿರುವ ಸರದಿ ಆಯಿಯದು.

“ಹಂಗ ಯಾರರ ಹೇಳಬಹುದು. ಗುರ್ತ ಹೇಳ್ರಿ.”

ನೀಲವ್ವ ಬೀದಿಯಲ್ಲೇ ಕಣ್ಣು ಮುಚ್ಚಿದಳು.

“ಅಡಗೀಮನಿ ಹೊಸ್ತಲಾ ಎಡಕ್ಕ ತಟಗ ಮ್ಯಾಲ ಎದ್ದೈತಿ. ಓಡಿದ್ರ ಬೀಳತೀವಿ. ನನ್ನ ಮುಂದಿನ ಹಲ್ಲು ಅಲ್ಲೇ ಮುರದಾವ.”

ನನ್ನ ಮೊಣಕಾಲಿನಲ್ಲಿ ಆ ಹೊಸ್ತಿಲ ಗಾಯ ಇನ್ನೂ ಆರಿರಲಿಲ್ಲ. ಆಯಿ ಒಮ್ಮೆ ಅದನ್ನು ನೋಡಿದಳು, ಒಮ್ಮೆ ಅವಳನ್ನು ನೋಡಿದಳು, ಬಾಗಿಲಿನಿಂದ ಸರಿದು ನಿಂತಳು. ಕೈಕಾಲಿಗೆ ನೀರು ಕೊಟ್ಟ ಕೂಡಲೇ ಅವಳನ್ನು ಸೀದಾ ದನದ ಅಂಕಣಕ್ಕೆ ಕರೆದುಕೊಂಡು ಹೋದಳು. ಲೆಕ್ಕ ಒಪ್ಪಿಸುವವಳ ಆತುರ ಅವಳಿಗೆ.

“ನಿಮ್ಮ ದೇವರನ್ನ ಹಸದ ಇಟ್ಟಿಲ್ಲ ನೋಡ್ರಿ. ನಾ ಈ ಮನೀಗಿ ಬಂದಾಗಿಂದ ಒಂದು ಅಮಾಸಿ ತಪ್ಪಿಲ್ಲ. ಮೊದಲನೇ ಎಡಿ ಇಲ್ಲೇ.”

ನೀಲವ್ವ ಮಾಡದ ಮುಂದೆ ನಿಂತು ಎಣ್ಣೆಯ ಜಿಡ್ಡನ್ನೂ ಕುಂಕುಮವನ್ನೂ ನೋಡಿದಳು. ಅವಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

“ಯವ್ವಾ, ಇದರಾಗ ದೇವರೆಲ್ಲಿಂದ ಬಂದ? ಎಮ್ಮಿಗಿ ಔಷಧಾ ಕುಡಸೂ ಬಿದರಿನ ಗೊಟ್ಟಾ ಇಡತಿದ್ದ ನಮ್ಮಪ್ಪ.”

ಅಷ್ಟು ವರ್ಷ ಹೋಳಿಗೆ, ಕಡಬು, ಅನ್ನ, ಸಾರು ಎಲ್ಲ ಆ ಗೊಟ್ಟಕ್ಕೆ ಸಂದಿತ್ತು. ಪರೀಕ್ಷೆಗೆಂದು ನಾನು ಹೊತ್ತ ಹರಕೆಗಳೂ ಅದಕ್ಕೇ. ನೀಲವ್ವ ಗೋಡೆಗೆ ಕೈಕೊಟ್ಟು ನಗತೊಡಗಿದಳು, ನಗುತ್ತ ನಗುತ್ತ ತನ್ನ ಅಪ್ಪನನ್ನು ನೆನೆದು ಅತ್ತಳು. ಆಯಿ ಮೊದಲು ಅವಮಾನವಾದವರ ಹಾಗೆ ಬಿಗಿದುಕೊಂಡಿದ್ದಳು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಏನಾಯಿತು ಎಂದು ಯಾನಪ್ಪ ಅಪ್ಪನ ತೋಳು ಹಿಡಿದು ಜಗ್ಗುತ್ತಿದ್ದ. ಗೊಟ್ಟಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಅಪ್ಪನಿಗೆ ತಿಳಿಯದೆ ಕೈಯಲ್ಲಿ ಎಮ್ಮೆಯ ಬಾಯಿ ತೆರೆದು ತೋರಿಸುತ್ತಿದ್ದ.

ಊಟವಾಯಿತು. ನೀಲವ್ವ ಒಂದೊಂದು ಕೋಣೆಯಲ್ಲೂ ಸ್ವಲ್ಪ ಸ್ವಲ್ಪ ಹೊತ್ತು ಕೂತಳು. ಆಯಿ ಅವಳ ಹಿಂದೆ ಹಿಂದೆಯೇ ಇದ್ದಳು, ಉಪಚಾರಕ್ಕೋ ಕಾವಲಿಗೋ. ಬಸ್ಸಿನ ಹೊತ್ತಾದಾಗ ಅವಳಿಗೆ ಕುಪ್ಪಸದ ಬಟ್ಟೆ ಕೊಟ್ಟಳು, ಅವ್ವ ಕುಂಕುಮ ಮುಂದೆ ಹಿಡಿದು, ನೀಲವ್ವ ವಿಧವೆ ಎಂಬುದು ಅವಳ ಹಣೆ ನೋಡಿ ನೆನಪಾಗಿ ತಟ್ಟೆ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಆಯಿ ಪಡಸಾಲೆಯ ನಡುವೆ ನಿಂತು ಕೇಳಿಯೇ ಬಿಟ್ಟಳು. ಅವ್ವ ನನ್ನನ್ನು ಹತ್ತಿರ ಎಳೆದುಕೊಂಡದ್ದು ನೆನಪಿದೆ.

“ಅವರು ಬರೂತನಕಾ ಇರು ಅಂದಿದ್ರು. ಈಗ ನೀವು ಬಂದ್ರಿ. ಏನು ಅಂತೀರಿ, ಹೇಳ್ರಿ.”

ನೀಲವ್ವ ಅಪ್ಪನನ್ನು ನೋಡಿದಳು, ನಮ್ಮನ್ನು ನೋಡಿದಳು, ಮೇಲಿನ ತೊಲೆಗಳನ್ನು ನೋಡಿದಳು.

“ಇರಾಕ ನಿಮ್ಮದು. ಮಾರಾಕ ನಿಮ್ಮದಲ್ಲ.”

ಅಷ್ಟೇ ಹೇಳಿ ಗಂಟು ಎತ್ತಿಕೊಂಡಳು. ಆಯಿ ಕೈಮುಗಿದಳು. ತನ್ನ ವಾರಿಗೆಯವಳಿಗೆ ಆಯಿ ಕೈಮುಗಿದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ರಸ್ತೆಯ ತನಕ ಅವಳನ್ನು ಕಳಿಸಲು ಆಯಿಯೂ ನಾನೂ ಹೋದೆವು. ಬಸ್ಸು ಬಂದಾಗ ಆಯಿ “ಮತ್ತ ಯಾವಾಗ ಬರ್ತೀರಿ?” ಎಂದು ಕೇಳಿದಳು. ನೀಲವ್ವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದಳು.

“ಹೇಳಿ ಬರೂದಿಲ್ಲ.”

ಆಯಿ ಕೇಳಿದ್ದು ಪ್ರೀತಿಯಿಂದಲೋ, ಎಚ್ಚರಿಕೆಯಿಂದಲೋ, ಅವಳು ಹೇಳಿದ್ದು ತಮಾಷೆಗೋ, ಖರೆಯೋ, ನನಗೆ ಇವತ್ತಿಗೂ ತೀರ್ಮಾನ ಮಾಡಲಾಗಿಲ್ಲ. ತಿರುಗಿ ಬಂದಾಗ ಯಾನಪ್ಪ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತ ಏನನ್ನೋ ಗೊಣಗುತ್ತಿದ್ದ. ಕಿವಿಗೊಟ್ಟು ಕೇಳಿದರೆ ಕನ್ನಡ. ಇರಾಕ ನಿಮ್ಮದು, ಇರಾಕ ನಿಮ್ಮದು. ಅಪ್ಪನಿಂದ ಕೇಳಿ ಬಾಯಿಪಾಠ ಮಾಡುತ್ತಿದ್ದ.

“ಇವಂಗ ಯಾಕ ಬೇಕದು?” ಎಂದಳು ಆಯಿ.

“ಊರಿಗಿ ಹೋಗಿ ಅವರವ್ವಗ ಹೇಳ್ತಾನಂತ. ಆಕೀ ಹೆದರಿಕಿ ಹೋಗತೈತಿ ಅಂತ,” ಎಂದ ಅಪ್ಪ.

ಆಯಿ ಕಟ್ಟೆಯ ಮೇಲೆ ಕೂತು ಕಾಲು ಚಾಚಿದಳು. ಅವನ ಬಗ್ಗೆ ಅವಳಿಗೆ ಕನಿಕರವಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೂ ಹೇಳಿದಳು.

“ಅದು ಇಂವ ಹೇಳೂ ಮಾತಲ್ಲ. ಆ ಮನಿಯವರು ಬಂದು ಹೇಳಬೇಕು. ಹೇಳವಂಗ.”

ಅಪ್ಪ ಒಂದೊಂದೇ ಶಬ್ದ ಹುಡುಕಿ ಇಂಗ್ಲಿಷಿನಲ್ಲಿ ಹೇಳಿದ. ಯಾನಪ್ಪ ನಡೆಯುವುದನ್ನು ನಿಲ್ಲಿಸಿ ಕೇಳಿದ. ಆಯಿಯ ಕಡೆ ತಿರುಗಿ, “ಹೌದ್ರಿ” ಎಂದ.